ಎರಡನೇ ವರ್ಷಕ್ಕೆ ಬಂದ ಮಗಳಿಗೆ

ಮಗಳೇ, ಜೆ.ಜೆ.ಎಂ. ಮೆಡಿಕಲ್ ಕಾಲೇಜಿನಲ್ಲಿ ಎರಡನೇ ವರ್ಷ ಶುರುವಾಯಿತು, ಫಾರ್ಮಕಾಲಜಿ ಮಾತ್ರ ತಲೆಗೆ ಹತ್ತುತ್ತಿಲ್ಲ ಎಂದೆಯಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿದು, ಆಮೇಲೆ ಇಲ್ಲೇ ವಿನೋಬನಗರದಲ್ಲಿ ಔಷಧಿ ಅಂಗಡಿ ಇಟ್ಟವನು ನಾನು. ಮಾತ್ರೆ ರೋಗಿಯ ಕೈ ಸೇರುವ ಗಳಿಗೆಯನ್ನು ನೋಡುತ್ತಲೇ ವಯಸ್ಸಾಯಿತು. ತ್ರಿಪಾಠಿಯವರ ಪುಸ್ತಕವನ್ನು ಮೊದಲ ಪುಟದಿಂದ ಉರು ಹೊಡೆಯಲು ಹೋದರೆ ಅದು ಕಬ್ಬಿಣದ ಕಡಲೆಯೇ. ಒಂದೊಂದು ಮದ್ದನ್ನೂ ಒಬ್ಬ ರೋಗಿಗೆ ಕಟ್ಟಿಕೊಂಡು ಓದು.

ನಮ್ಮ ಸೀಮೆಯ ರೋಗಿಯಿಂದಲೇ ಶುರು ಮಾಡು. ಸುತ್ತೆಲ್ಲ ಮೆಕ್ಕೆಜೋಳ, ಭದ್ರಾ ನಾಲೆಯ ಕೆಳಗೆ ಭತ್ತ. ಮನೆಮನೆಯಲ್ಲೂ ಕ್ರಿಮಿನಾಶಕದ ಡಬ್ಬಿ ಇರುತ್ತದೆ. ಅದು ಒಳಗೆ ಸೇರಿದವರನ್ನು ಹರಿಹರದ ಕಡೆಯಿಂದಲೋ ಜಗಳೂರಿನ ಕಡೆಯಿಂದಲೋ ಸಿ.ಜಿ. ಆಸ್ಪತ್ರೆಗೆ ಹೊತ್ತು ತರುತ್ತಾರೆ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯೊಳಗೆ ಗೊರಗೊರ. ಆರ್ಗನೋಫಾಸ್ಫೇಟ್ ಜಾತಿಯ ವಿಷ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕಿರುತ್ತದೆ. ಒಡೆಯುವವರಿಲ್ಲದೆ ಅಸಿಟೈಲ್‌ಕೋಲಿನ್ ಉಕ್ಕುತ್ತದೆ. ಮೊದಲ ವರ್ಷದ ಫಿಸಿಯಾಲಜಿ ನೆನಪಿದ್ದರೆ ಈ ಲಕ್ಷಣಗಳಲ್ಲಿ ಒಂದನ್ನೂ ಬಾಯಿಪಾಠ ಮಾಡಬೇಕಿಲ್ಲ, ತಾವಾಗಿಯೇ ಹೊಳೆಯುತ್ತವೆ.

ಈಗ ಇದಕ್ಕೆ ಕೊಡುವ ಅಟ್ರೋಪಿನ್ ಕಡೆಗೆ ಬಾ. ಒಂದು ಆಂಪ್ಯೂಲಿನಲ್ಲಿ ಸಾಮಾನ್ಯವಾಗಿ ಇರುವುದು 0.6 ಮಿಲಿಗ್ರಾಂ. ಆಪರೇಷನ್‌ಗೆ ಮುಂಚೆ ಕೊಡಲು ಅಷ್ಟೇ ಸಾಕಾಗುತ್ತಿತ್ತು. ಈ ರೋಗಿಗೆ ಅದು ಯಾವ ಮೂಲೆಗೂ ಸಾಲದು. ಒಂದರಿಂದ ಮೂರು ಮಿಲಿಗ್ರಾಂನಿಂದ ಆರಂಭಿಸಿ, ಎದೆ ತಿಳಿಯಾಗುವವರೆಗೆ ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತ ಹೋಗುತ್ತಾರೆ. ಫಾರ್ಮಸಿಯಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ಒಬ್ಬನೇ ರೋಗಿಗೆ ಹತ್ತಾರು ಆಂಪ್ಯೂಲು ಎಣಿಸಿ ಕೊಟ್ಟವನು ನಾನು. ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದರೆ ಪಾಪೆ ಹಿಗ್ಗಿದಾಗ ಎನ್ನುವವರಿದ್ದಾರೆ. ನೀನು ಸ್ಟೆತಾಸ್ಕೋಪ್ ಎದೆಗಿಟ್ಟು ಕೇಳು. ಶ್ವಾಸಕೋಶದ ನೀರು ಒಣಗಿತೇ, ರಕ್ತದೊತ್ತಡ ನಾಡಿ ನೆಟ್ಟಗಿವೆಯೇ ಎಂಬುದು ಮುಖ್ಯ. ಇನ್ನೊಂದು ವಿಷಯ: ಅಟ್ರೋಪಿನ್ ಮಸ್ಕರಿನಿಕ್ ಗ್ರಾಹಕಗಳನ್ನು ಮಾತ್ರ ತಡೆಯುತ್ತದೆ. ಸ್ನಾಯುಗಳ ನಿತ್ರಾಣಕ್ಕೆ ಅದು ಏನೂ ಮಾಡದು. ನೊರೆ ನಿಂತು ಮನೆಯವರು ನಿಟ್ಟುಸಿರು ಬಿಟ್ಟ ಮೇಲೂ, ಒಂದೆರಡು ದಿನ ಕಳೆದು ಉಸಿರಾಟದ ಸ್ನಾಯು ಸೋಲಬಹುದು. ಕತ್ತು ಎತ್ತಲು ಆಗುತ್ತದೆಯೇ ಎಂದು ದಿನವೂ ನೋಡುವುದು ಅದಕ್ಕೇ. ಒಬ್ಬ ರೋಗಿಯ ಹಾಸಿಗೆಯ ಬಳಿ ಇಷ್ಟನ್ನು ಕಂಡರೆ ಸ್ವಾಯತ್ತ ನರಮಂಡಲದ ಅಧ್ಯಾಯದ ಅರ್ಧ ನಿನ್ನದಾಯಿತು.

ನನ್ನ ಕೌಂಟರಿಗೆ ಬರುವವರ ಸಂಗತಿ ಬೇರೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನವು, ಪೆನ್ನಿನ ಕಾರ್ಟ್ರಿಜ್ 100ರದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 40ರ ಬಾಟಲಿಯ ಮದ್ದನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಹೋಗುವುದು 8 ಯೂನಿಟ್. ಕಾರ್ಟ್ರಿಜಿನ ಮದ್ದನ್ನು ಕೆಂಪು ಮುಚ್ಚಳದ್ದರಲ್ಲಿ ಅದೇ ಗೆರೆಗೆ ಎಳೆದರೆ 50! ಮೊದಲನೆಯವರ ಸಕ್ಕರೆ ಏರುತ್ತಲೇ ಇರುತ್ತದೆ, ಎರಡನೆಯವರು ಪ್ರಜ್ಞೆ ತಪ್ಪುತ್ತಾರೆ. ಚೀಟಿ ಸರಿಯಾಗಿಯೇ ಇರುತ್ತದೆ. ಎರಡೂ ಸಿರಿಂಜನ್ನು ಕೈಯಲ್ಲಿ ಹಿಡಿದು ನೋಡದೆ ಇನ್ಸುಲಿನ್ ಅಧ್ಯಾಯ ಮುಗಿಸಬೇಡ.

ಮೆಥೊಟ್ರೆಕ್ಸೇಟ್ ಕಂಡರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಕೀಲುವಾತಕ್ಕೆ ಅದನ್ನು ಕೊಡುವುದು ವಾರಕ್ಕೆ ಒಮ್ಮೆ. ಮಾತ್ರೆ ಎಂದರೆ ದಿನಾ ನುಂಗುವುದು ಎಂದು ತಿಳಿದ ಅಜ್ಜಿಗೆ ಬಾಯೆಲ್ಲ ಹುಣ್ಣಾಗಿ, ಮೂಳೆಮಜ್ಜೆ ಕುಸಿದು, ಜೀವಕ್ಕೇ ಕುತ್ತು ಬರುತ್ತದೆ. ವಾರಕ್ಕೊಮ್ಮೆ ಎಂದು ಬರೆದು ಕೈತೊಳೆದುಕೊಳ್ಳಬೇಡ. ಸೋಮವಾರ ಮಾತ್ರ ಎಂದು ದಿನದ ಹೆಸರು ಬರೆ, ಕನ್ನಡದಲ್ಲಿ ಬರೆ. ಬರೆದ ಮೇಲೆ, “ಹೆಂಗೆ ತಗೊಂತೀರಿ ಅಜ್ಜಿ, ಒಮ್ಮೆ ಹೇಳ್ರಿ ನೋಡೋಣ” ಎಂದು ಅವರ ಬಾಯಿಂದಲೇ ಕೇಳಿಸಿಕೊ. ದೂರದ ರಾಜ್ಯಗಳಿಂದ ಬಂದ ನಿನ್ನ ಗೆಳತಿಯರಿಗೂ ಈ ಒಂದು ವಾಕ್ಯವನ್ನು ಕಲಿಸಿಕೊಡು.

ಬ್ರಾಂಡ್ ಹೆಸರುಗಳ ಗೊಡವೆ ಈಗ ಬೇಡ. ಮದ್ದಿನ ಮೂಲ ಹೆಸರು ತಿಳಿದಿದ್ದರೆ, ರೋಗಿ ಎರಡು ಕಡೆಯಿಂದ ತಂದ ಎರಡು ಬಣ್ಣದ ಮಾತ್ರೆ ಒಂದೇ ಡೈಕ್ಲೊಫೆನಾಕ್ ಎಂಬುದು ಕಣ್ಣಿಗೆ ಬೀಳುತ್ತದೆ. ಅವರ ಮೂತ್ರಪಿಂಡ ಉಳಿಯುವುದು ಅಷ್ಟರಿಂದಲೇ ಇರಬಹುದು.

ಒಂದು ನೋಟ್‌ಬುಕ್ ಇಡು. ವಿಲಿಯಂ ವಿದರಿಂಗ್ ಎಂಬ ಇಂಗ್ಲೆಂಡಿನ ವೈದ್ಯ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದ ಬಗ್ಗೆ ಪುಸ್ತಕ ಬರೆದ. ಇಂದಿನ ಡಿಜಿಟಾಲಿಸ್ ಚಿಕಿತ್ಸೆಗೆ ಅದೇ ಬುನಾದಿ. ಗುಣ ಕಂಡವರ ಜೊತೆಗೆ, ಕಾಣದವರನ್ನೂ ಆತ ಬಿಡದೆ ದಾಖಲಿಸಿದ. ನೀನೂ ಹಾಗೆಯೇ ಬರೆ: ಯಾವ ಮದ್ದು, ಎಷ್ಟು, ಎಷ್ಟು ಹೊತ್ತಿಗೆ ಏನಾಯಿತು. ಹೆಸರು ಬರೆಯಬೇಡ, ಅದು ರೋಗಿಯ ಸ್ವಂತದ್ದು. ಹೊಸ ಮಾತ್ರೆ ಶುರುವಾದ ಮೇಲೆ ಮೈಮೇಲೆ ದದ್ದು ಎದ್ದಿದ್ದು ಕಂಡರೆ ಸೀನಿಯರ್‌ಗೆ ತಿಳಿಸಿ ವರದಿ ಮಾಡಿಸು. ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ನಡೆಯುತ್ತಿರುವುದು ಇಂಥ ವರದಿಗಳ ಮೇಲೆಯೇ. ಆ ಮದ್ದಿನಿಂದಲೇ ಆಯಿತೆಂದು ನೀನು ಸಾಬೀತು ಮಾಡಬೇಕಿಲ್ಲ, ಅನುಮಾನವಿದ್ದರೆ ಸಾಕು, ವರದಿಯ ಫಾರಂ ತುಂಬಬಹುದು.