ಸೂಜಿ ಚುಚ್ಚಿದರೆ ಮಾತ್ರೆ ಕೇಳಿ, ಬರೆಸಿಡಿ

ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರಲಿ, ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆ ಇರಲಿ, ಬಜಾರಿನ ಹತ್ತು ಹಾಸಿಗೆಯ ನರ್ಸಿಂಗ್ ಹೋಂ ಇರಲಿ, ಕಾನೂನು ಒಂದೇ. ಅಲ್ಲಿ ದುಡಿಯುವವರಿಗೆ ಕೆಲಸದಿಂದಲೇ ರೋಗ ಅಂಟದಂತೆ ನೋಡಿಕೊಳ್ಳುವ ಹೊಣೆ ಆಸ್ಪತ್ರೆ ನಡೆಸುವವರದು. ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನೀಷಿಯನ್‌ಗೆ ಇರುವ ಈ ಹಕ್ಕು ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆ ಆಯಾಗೂ ಇದೆ. ಅದು ಗೊತ್ತಿಲ್ಲದೆ ನಷ್ಟ ಅನುಭವಿಸುವವರಲ್ಲಿ ಆಕೆಯೇ ಮುಂದು.

ಸೂಜಿ ಚುಚ್ಚುವುದು ಇಂಜೆಕ್ಷನ್ ಕೊಡುವಾಗ ಮಾತ್ರವಲ್ಲ. ಬಳಸಿದ ಸೂಜಿ ಬಿಳಿ ಬಣ್ಣದ, ಚುಚ್ಚಿದರೂ ತೂತಾಗದ ಡಬ್ಬಿಗೆ ಹೋಗಬೇಕು. ರಾತ್ರಿ ಪಾಳಿಯ ಅವಸರದಲ್ಲಿ ಅದು ಹಳದಿ ಚೀಲಕ್ಕೆ ಬೀಳುತ್ತದೆ. ಬೆಳಿಗ್ಗೆ ಚೀಲದ ಬಾಯಿ ಬಿಗಿದು ಎತ್ತುವಾಗ ತೆಳು ಕೈಗವಸು ದಾಟಿ ಬೆರಳಿಗೆ ನಾಟುತ್ತದೆ. ಹೇಳಿದರೆ ಬೈತಾರೆ, ನಾಳೆಯಿಂದ ಬರಬೇಡ ಅಂತಾರೆ ಎಂದು ಆಕೆ ಬಾಯಿ ಬಿಡುವುದಿಲ್ಲ.

ಮೊದಲು ಮಾಡಬೇಕಾದ್ದು ಇಷ್ಟು: ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ, ಬ್ಲೀಚಿಂಗ್ ನೀರು ಹಾಕಬೇಡಿ. ಕೂಡಲೇ ಕರ್ತವ್ಯದ ಮೇಲಿರುವ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಮೊದಲ ಡೋಸ್ ಎರಡು ಗಂಟೆಯೊಳಗೆ ಬಿದ್ದರೆ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದ ಮೇಲೆ 28 ದಿನ ತಪ್ಪದೆ ನುಂಗಬೇಕು. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿನ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಕ್ಕೆ ಐವತ್ತು ಕಿಲೋಮೀಟರ್ ಆಚೀಚೆ. ಮಧ್ಯರಾತ್ರಿ ಬಸ್ಸಿಗೆ ಕಾದು ಎರಡು ಗಂಟೆಯೊಳಗೆ ತಲುಪುವ ಮಾತೇ ಇಲ್ಲ. ಹಾಗಾಗಿ ಮೊದಲ ಡೋಸ್ ನೀವು ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಹೆರಿಗೆ ಕೋಣೆ ಅಥವಾ ತುರ್ತು ವಿಭಾಗದಲ್ಲೇ ಇರಬೇಕು. ಇದೆಯೇ ಎಂದು ಇವತ್ತೇ ಕೇಳಿ.

ಇದು ಯಾರ ದಯೆಯೂ ಅಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017ರ 19ನೇ ಕಲಮು ಮುಂಜಾಗ್ರತಾ ಸಾಮಗ್ರಿ, ತರಬೇತಿ, ಈ ಮಾತ್ರೆ ಮೂರನ್ನೂ ಆರೋಗ್ಯ ಸಂಸ್ಥೆಯೇ ಒದಗಿಸಬೇಕು ಎನ್ನುತ್ತದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಲೇಬೇಕು. ಎಚ್‌ಐವಿ ಪರೀಕ್ಷೆಯನ್ನು ನೌಕರಿಗೆ ಷರತ್ತಾಗಿ ಹಾಕುವಂತಿಲ್ಲ. ಪರೀಕ್ಷೆಯ ಫಲಿತಾಂಶವನ್ನು ಊರಿಗೆಲ್ಲ ಸಾರುವಂತೆಯೂ ಇಲ್ಲ.

ನಿಜಕ್ಕೂ ಹೆಚ್ಚು ಹೆದರಬೇಕಾದ್ದು ಹೆಪಟೈಟಿಸ್-ಬಿಗೆ. ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಅಂಟುವ ಸಂಭವ ಸಾವಿರಕ್ಕೆ ಮೂರು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್-ಬಿ ಅಂಟುವ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಅದಕ್ಕೆ ಲಸಿಕೆಯಿದೆ, ಆರು ತಿಂಗಳಲ್ಲಿ ಮೂರು ಡೋಸ್. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಈ ಲಸಿಕೆ, ಧನುರ್ವಾಯು ಲಸಿಕೆ, ಕೈಗವಸು-ಬೂಟು, ತರಬೇತಿ, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಕೊಡಬೇಕಾದ್ದು ಆಸ್ಪತ್ರೆಯೇ. 'ನಿಮ್ಮ ಏಜೆನ್ಸಿಯವರನ್ನ ಕೇಳ್ರಿ' ಎಂದು ಕೈತೊಳೆದುಕೊಳ್ಳಲು ನಿಯಮದಲ್ಲಿ ಜಾಗವಿಲ್ಲ.

ಇನ್ನು ದಾಖಲೆಯ ವಿಷಯ. ಇಲ್ಲಿ ಎಡವುವವರೇ ಹೆಚ್ಚು. ಚುಚ್ಚಿದ ದಿನ, ವೇಳೆ, ಸ್ಥಳ, ಯಾವ ಸೂಜಿ, ಕಂಡವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆಡಳಿತ ವೈದ್ಯಾಧಿಕಾರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಳ್ಳಿ. ಅದೇ ದಿನ ನಿಮ್ಮ ರಕ್ತ ಪರೀಕ್ಷೆ ಆಗಲಿ. ಅಂದು ಸೋಂಕು ಇರಲಿಲ್ಲ ಎಂಬ ವರದಿಯೇ, ಮುಂದೆ ರೋಗ ಕಂಡರೆ ಅದು ಕೆಲಸದಿಂದ ಬಂತು ಎನ್ನಲು ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ. ಆಸ್ಪತ್ರೆಯು ಪ್ರತಿ ವರ್ಷ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವ ನಮೂನೆ-4ರ ವರದಿಯಲ್ಲಿ ಇಂಥ ಅವಘಡಗಳ ಸಂಖ್ಯೆ ಇರಬೇಕು. ಅಲ್ಲಿ ಸೊನ್ನೆ ಬರೆದಿದ್ದಾರೆಂಬ ಅನುಮಾನವಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಅರ್ಜಿ ಶುಲ್ಕ ಕಟ್ಟಿ ಪ್ರತಿ ತೆಗೆಸಿ. ಖಾಸಗಿ ಆಸ್ಪತ್ರೆಯ ವರದಿಯನ್ನೂ ಮಂಡಳಿಯಿಂದ ಕೇಳಬಹುದು.

ಕೆಲಸದಿಂದಲೇ ರೋಗ ಬಂದರೆ ಪರಿಹಾರದ ದಾರಿಯಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿ, ಸೋಂಕಿನ ಅಪಾಯವಿರುವ ಉದ್ಯೋಗದಲ್ಲಿ ತಗುಲಿದ ಸಾಂಕ್ರಾಮಿಕ ರೋಗವನ್ನು ಔದ್ಯೋಗಿಕ ರೋಗ ಎಂದೇ ಪಟ್ಟಿ ಮಾಡಿದೆ. ಇಎಸ್‌ಐ ವಿಮೆ ಇದ್ದರೆ ಪರಿಹಾರ ಅದರ ಮೂಲಕವೇ ಬರುತ್ತದೆ, ಹಾಗಾಗಿ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದೆಯೇ ಎಂದು ನೋಡಿಕೊಳ್ಳಿ.

ಕೆಲಸದ ಜಾಗದ ಅಪಾಯ ರೋಗವೊಂದೇ ಅಲ್ಲ. ಹಲ್ಲೆಯಾದರೆ 2009ರ ಕರ್ನಾಟಕ ಕಾಯ್ದೆಯಿದೆ: ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡುವುದು ಜಾಮೀನುರಹಿತ ಅಪರಾಧ, ಜೈಲು ಶಿಕ್ಷೆಯೂ ಇದೆ. ಸಂಸ್ಥೆಯ ಮುಖ್ಯಸ್ಥರೇ ಆರು ಗಂಟೆಯೊಳಗೆ ಎಫ್‌ಐಆರ್ ಮಾಡಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸೂಚಿಸಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನಿಮ್ಮ ಪಾಳಿಯಲ್ಲಿ ಓದು ಬಾರದ ಆಯಾ ಇದ್ದರೆ ಆಕೆಯ ಅರ್ಜಿಯನ್ನು ನೀವೇ ಕೂತು ಬರೆದುಕೊಡಿ.