ಓದಿದ ಮೇಲೆ ಸಹಿ: ಕಾರಿಗೆ ಪೆಟ್ಟಾದಾಗ

ಈಗ ಹಳ್ಳಿಗಳಿಗೂ ಸಣ್ಣ ಕಾರುಗಳು ಬಂದಿವೆ. ಆಸ್ಪತ್ರೆಗೆ, ಮದುವೆಗೆ, ಜಾತ್ರೆಗೆ ಹೋಗಲು ಕಾರು ಬೇಕು. ಸಾಲ ಮಾಡಿ ಹಳೇ ಕಾರು ಕೊಂಡವರೂ ಇದ್ದಾರೆ. ಕೆಲವು ಮನೆಗಳಲ್ಲಿ ಕಾರು ಹೆಂಗಸರ ಹೆಸರಿನಲ್ಲಿದೆ. ಓಡಿಸುವವರು ಗಂಡ ಅಥವಾ ಮಗ.

ಕಾರಿಗೆ ಪೆಟ್ಟಾದ ದಿನ ಯಾರ ಸಹಿ ಬೇಕು? ಕಾರು ಯಾರ ಹೆಸರಿನಲ್ಲಿದೆಯೋ ಅವರದು. ಅಂದರೆ ನಮ್ಮದು. ಸಹಿ ಮಾಡಲು ನಾವು ಕಲಿತಿದ್ದೇವೆ. ಇನ್ನು ಓದಿ ಸಹಿ ಮಾಡುವುದನ್ನು ಕಲಿಯೋಣ.

ವಿಮೆ ಎರಡು ಬಗೆ

"ವಿಮೆ ಇದೆಯಲ್ಲ, ಕಂಪನಿ ಕೊಡ್ತದೆ ಬಿಡಿ" ಅಂತ ಹೇಳುವವರು ಬಹಳ ಜನ. ಯಾವ ವಿಮೆ ಅಂತ ಮೊದಲು ಕೇಳಬೇಕು.

ಒಂದು, ಥರ್ಡ್ ಪಾರ್ಟಿ ವಿಮೆ. ಇದು ಕಡ್ಡಾಯ. 1988ರ ಮೋಟಾರು ವಾಹನ ಕಾಯಿದೆ ಹಾಗೆ ಹೇಳುತ್ತದೆ. ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ, ಅವರ ಗಾಡಿ ಕೆಟ್ಟರೆ, ಈ ವಿಮೆ ಪರಿಹಾರ ಕೊಡುತ್ತದೆ. ನಮ್ಮ ಕಾರಿನ ರಿಪೇರಿಗೆ ಒಂದು ಪೈಸೆಯೂ ಇದರಿಂದ ಬರುವುದಿಲ್ಲ.

ಎರಡು, ಪ್ಯಾಕೇಜ್ ವಿಮೆ. ಇದರಲ್ಲಿ ಬೇರೆಯವರ ನಷ್ಟವೂ ಸೇರಿದೆ, ನಮ್ಮ ಕಾರಿನ ನಷ್ಟವೂ ಸೇರಿದೆ. ಇದಕ್ಕೆ ಕಟ್ಟುವ ಹಣ ಹೆಚ್ಚು.

ನಮ್ಮ ವಿಮೆ ಯಾವುದು? ಈ ದಿನವೇ ಕಾಗದ ತೆಗೆದು ನೋಡೋಣ. ಅದು ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸೋಣ. ಯಾವ ಬಗೆ? ಯಾವ ದಿನ ಮುಗಿಯುತ್ತದೆ? ಯಾರ ಹೆಸರಿನಲ್ಲಿದೆ? ಈ ಮೂರು ಗೊತ್ತಾಗಬೇಕು. ಹಳೇ ಕಾರು ಕೊಂಡಿದ್ದರೆ ಮೂರನೆಯದು ಬಹಳ ಮುಖ್ಯ. ಕೊಂಡ 14 ದಿನದೊಳಗೆ ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ವಿಮೆ ಹಳೇ ಮಾಲೀಕರ ಹೆಸರಿನಲ್ಲೇ ಉಳಿದರೆ ನಮ್ಮ ಕಾರಿನ ರಿಪೇರಿ ಹಣಕ್ಕೆ ತೊಂದರೆ.

ಗುದ್ದಿದ ಕೂಡಲೇ

ಮೊದಲು ಜೀವ, ಆಮೇಲೆ ಕಾರು. ಯಾರಿಗಾದರೂ ಗಾಯವಾಗಿದ್ದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಬೇಕು. ಪೊಲೀಸರಿಗೆ ಬೇಗ ತಿಳಿಸಬೇಕು, 24 ಗಂಟೆ ಮೀರಬಾರದು. ಇದೂ ಕಾಯಿದೆಯ ಮಾತು.

ಎದುರಿನ ಗಾಡಿಯ ನಂಬರು ಬರೆದುಕೊಳ್ಳಬೇಕು. ಓಡಿಸಿದವರ ಹೆಸರು, ಅವರ ವಿಮೆ ಕಂಪನಿಯ ಹೆಸರು ಕೇಳಬೇಕು. ಎರಡೂ ಗಾಡಿಗಳ ಫೋಟೋ ತೆಗೆಯಬೇಕು. ಜಗಳ ಬೇಡ. "ತಪ್ಪು ನಮ್ಮದೇ, ಇಷ್ಟು ಹಣ ಕೊಡುತ್ತೇವೆ" ಅಂತ ರಸ್ತೆಯಲ್ಲಿ ಬರೆದುಕೊಡುವುದೂ ಬೇಡ. ಕಂಪನಿಯನ್ನು ಕೇಳದೆ ಹಾಗೆ ಒಪ್ಪಿಕೊಳ್ಳಬಾರದು ಅಂತ ವಿಮೆಯ ಷರತ್ತಿನಲ್ಲೇ ಇರುತ್ತದೆ.

ರಿಪೇರಿಗೆ ಮೊದಲು

ಕಾರನ್ನು ಸೀದಾ ಗ್ಯಾರೇಜಿಗೆ ಬಿಟ್ಟು, ತಟ್ಟಿಸಿ, ಬಣ್ಣ ಹೊಡೆಸಿ, ಆಮೇಲೆ ಕಂಪನಿಗೆ ಹೋದರೆ ಏನಾಗುತ್ತದೆ? "ಪೆಟ್ಟು ಎಲ್ಲಿದೆ, ತೋರಿಸಿ" ಅಂತಾರೆ. ತೋರಿಸಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಮೊದಲು ಕಂಪನಿಗೆ ಫೋನ್ ಮಾಡಬೇಕು. ಅವರು ಒಂದು ಕ್ಲೇಮ್ ನಂಬರು ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಬೇಕು. ಗ್ಯಾರೇಜಿನವರು ಖರ್ಚಿನ ಅಂದಾಜು ಪಟ್ಟಿ ಬರೆಯುತ್ತಾರೆ. ಕಂಪನಿಯ ಸರ್ವೆಯರ್ ಬಂದು ಪೆಟ್ಟು ನೋಡುತ್ತಾರೆ. ಪೆಟ್ಟು ಸಣ್ಣದಾದರೆ ಕೆಲವು ಕಂಪನಿಗಳು ಫೋಟೋ ನೋಡಿಯೇ ಒಪ್ಪುತ್ತವೆ. ಅವರು ಒಪ್ಪಿದ ಮೇಲೆ ಕೆಲಸ ಶುರು.

ಅಂದಾಜು ಪಟ್ಟಿಯ ಒಂದು ನಕಲು ನಾವು ಇಟ್ಟುಕೊಳ್ಳಬೇಕು.

ಕಂಪನಿ ಪೂರ್ತಿ ಕೊಡುವುದಿಲ್ಲ

ಒಂದು ಲೆಕ್ಕ ಮಾಡೋಣ. ನಮ್ಮ ಕಾರಿಗೆ ಮೂರು ವರ್ಷ ತುಂಬಿದೆ, ನಾಲ್ಕು ತುಂಬಿಲ್ಲ ಅಂತ ಇಟ್ಟುಕೊಳ್ಳೋಣ. ಪ್ಯಾಕೇಜ್ ವಿಮೆ ಇದೆ. ಬಂಪರ್ ಒಡೆದಿದೆ. ಬಾಗಿಲು ಬದಲಿಸಬೇಕು.

ಪ್ಲಾಸ್ಟಿಕ್ ಬಂಪರ್: 4,000 ರೂ.
ಕಬ್ಬಿಣದ ಬಾಗಿಲು: 8,000 ರೂ.
ಕೂಲಿ: 3,000 ರೂ.
ಒಟ್ಟು: 15,000 ರೂ.

ನಮ್ಮ ಹಳೇ ಸಾಮಾನು ಹೋಗಿ ಹೊಸದು ಬಂತಲ್ಲ? ಹಳೆಯದು ಸವೆದ ಲೆಕ್ಕ ಅಂತ ಕಂಪನಿ ಸ್ವಲ್ಪ ಕಳೆಯುತ್ತದೆ. ಪ್ಲಾಸ್ಟಿಕ್ಕಿಗೆ ನೂರಕ್ಕೆ 50, ಅಂದರೆ 2,000 ರೂ. ಕಬ್ಬಿಣಕ್ಕೆ ಈ ವಯಸ್ಸಿನಲ್ಲಿ ನೂರಕ್ಕೆ 25, ಅಂದರೆ 2,000 ರೂ. ಕೂಲಿಗೆ ಕಳೆಯುವುದಿಲ್ಲ. ಗಾಜಿಗೂ ಕಳೆಯುವುದಿಲ್ಲ. ಇದಲ್ಲದೆ ಸಣ್ಣ ಕಾರಿಗೆ ಪ್ರತಿ ಸಲ 1,000 ರೂ. ನಾವೇ ಹಾಕಬೇಕು.

ಕಳೆದದ್ದು: 2,000 + 2,000 + 1,000 = 5,000 ರೂ.
ಕಂಪನಿ ಕೊಡುವುದು: 10,000 ರೂ.

ಲೆಕ್ಕ ಸುಲಭವಾಗಲಿ ಅಂತ ಬಣ್ಣ ಮತ್ತು ತೆರಿಗೆಯನ್ನು ಬಿಟ್ಟಿದ್ದೇವೆ. ಸವೆತ ಕಳೆಯದ ವಿಮೆಯೂ ಉಂಟು. ಅದಕ್ಕೆ ಜೀರೋ ಡೆಪ್ ಅನ್ನುತ್ತಾರೆ. ಅದಕ್ಕೆ ಬೇರೆ ಹಣ ಕಟ್ಟಬೇಕು.

ಇನ್ನೊಂದು ವಿಷಯ. ಒಂದು ವರ್ಷ ಏನೂ ಹಣ ಕೇಳದಿದ್ದರೆ, ಮುಂದಿನ ವರ್ಷ ನಮ್ಮ ಕಾರಿನ ನಷ್ಟದ ವಿಮೆ ಹಣದಲ್ಲಿ ನೂರಕ್ಕೆ 20 ರಿಯಾಯಿತಿ ಸಿಗುತ್ತದೆ. ಐದು ವರ್ಷ ಹಾಗೇ ನಡೆದರೆ ನೂರಕ್ಕೆ 50. ಹಣ ಕೇಳಿದರೆ ರಿಯಾಯಿತಿ ಹೋಗುತ್ತದೆ. ಸಾವಿರ, ಎರಡು ಸಾವಿರದ ತಗ್ಗಾದರೆ ಕೈಯಿಂದ ಹಾಕಿ ತಟ್ಟಿಸುವುದೇ ಲಾಭ ಇರಬಹುದು. ಲೆಕ್ಕ ಹಾಕಿ ನೋಡಬೇಕು.

ಕಾರು ವಾಪಸು ತರುವಾಗ

ಹಗಲು ಬೆಳಕಿನಲ್ಲೇ ನೋಡಬೇಕು. ಹೊಸ ಬಣ್ಣ ಹಳೇ ಬಣ್ಣಕ್ಕೆ ಹೊಂದಿದೆಯಾ? ಬಾಗಿಲು ಸರಿಯಾಗಿ ಮುಚ್ಚುತ್ತದೆಯಾ? ದೀಪ ಹತ್ತುತ್ತದೆಯಾ? "ಹೊಸ ಬಾಗಿಲು" ಅಂತ ಬಿಲ್ಲಿನಲ್ಲಿ ಬರೆದು, ಹಳೇ ಬಾಗಿಲನ್ನೇ ತಟ್ಟಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದಿರಬಹುದು. ತೆಗೆದ ಹಳೇ ಸಾಮಾನು ತೋರಿಸಿ ಅಂತ ಕೇಳಬೇಕು. ಅಂದಾಜು ಪಟ್ಟಿಯನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಕೊನೆಗೆ ಸಹಿ. "ಇಲ್ಲೊಂದು ಸಹಿ ಹಾಕಿ ಅಕ್ಕ, ಮಿಕ್ಕಿದ್ದು ನಾವು ತುಂಬಿಕೊಳ್ತೀವಿ" ಅಂದರೆ ಒಪ್ಪಬಾರದು. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. "ಪೂರ್ತಿ ಹಣ ಬಂದಿದೆ, ಇನ್ನು ಏನೂ ಕೇಳುವುದಿಲ್ಲ" ಅಂತ ಬರೆದ ಕಾಗದವೂ ಬರುತ್ತದೆ. ಅದರಲ್ಲಿ ಎಷ್ಟು ರೂಪಾಯಿ ಅಂತ ಇದೆ, ನೋಡಬೇಕು. ತಡವಾದರೆ ಆಗಲಿ. ಓದುವವರೆಗೆ ಅವರು ಕಾಯಲಿ.

ಕಂಪನಿ ಅನ್ಯಾಯ ಮಾಡಿದರೆ

ಮೊದಲು ಕಂಪನಿಗೇ ದೂರು ಬರೆದುಕೊಡಬೇಕು. ನಕಲು ನಮ್ಮ ಹತ್ತಿರ ಇರಲಿ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ನಂಬರಿಗೂ ಫೋನ್ ಮಾಡಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ. ವಕೀಲರು ಬೇಕಾಗಿಲ್ಲ. ಒಂದು ವರ್ಷದೊಳಗೆ ಬರೆಯಬೇಕು.

ಪದಗಳ ಅರ್ಥ
ವಿಮೆ = ಇನ್ಶೂರೆನ್ಸ್
ಪರಿಹಾರ = ನಷ್ಟಕ್ಕೆ ಕೊಡುವ ಹಣ
ಸರ್ವೆಯರ್ = ನಷ್ಟ ಎಷ್ಟು ಅಂತ ನೋಡಿ ಹೇಳುವವರು
ಓಂಬುಡ್ಸ್‌ಮನ್ = ದೂರು ಕೇಳಿ ತೀರ್ಮಾನಿಸುವ ಅಧಿಕಾರಿ

ಉತ್ತರ ಬರೆಯೋಣ
1. ಥರ್ಡ್ ಪಾರ್ಟಿ ವಿಮೆಯಿಂದ ನಮ್ಮ ಕಾರಿನ ರಿಪೇರಿಗೆ ಹಣ ಬರುತ್ತದೆಯೇ?
2. ರಿಪೇರಿಗೆ ಮೊದಲು ಯಾರಿಗೆ ತಿಳಿಸಬೇಕು? ಏಕೆ?
3. ಖಾಲಿ ಕಾಗದಕ್ಕೆ ಸಹಿ ಮಾಡಿದರೆ ಏನಾಗಬಹುದು? ಕೂತು ಮಾತಾಡೋಣ.

ಲೆಕ್ಕ ಮಾಡೋಣ
ಮುಂದಿನ ಗಾಜು 5,000 ರೂ. ಪ್ಲಾಸ್ಟಿಕ್ ಬಂಪರ್ 3,000 ರೂ. ಕೂಲಿ 1,000 ರೂ. ಕಂಪನಿ ಎಷ್ಟು ಕೊಡುತ್ತದೆ?
(ಉತ್ತರ: 6,500 ರೂ.)