ನಲವತ್ತು ಯೂರೋ ಸೈಕಲ್ಲಿನ ಜಮಾ-ಖರ್ಚು

ಪರದೇಶಕ್ಕೆ ಹೋದ ಹೊಸತರಲ್ಲಿ ಇರುವ ಹಣವೂ ಕೈಗೆ ಸಿಗದ ಕಡೆ ಹೋಗಿ ಕೂತುಬಿಡುತ್ತದೆ. 2023ರಲ್ಲಿ ನಾವು ಜರ್ಮನಿಯ ಫ್ರೈಬುರ್ಗ್ ಸೇರಿದಾಗ ಮನೆಯ ಅಡ್ವಾನ್ಸ್ ಎಂದು ಮೂರು ತಿಂಗಳ ಮೂಲ ಬಾಡಿಗೆ ತೆರಬೇಕಾಯಿತು. ಅದಕ್ಕಿಂತ ಹೆಚ್ಚು ಕೇಳಲು ಅಲ್ಲಿನ ಕಾನೂನು ಬಿಡುವುದಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅದು ಧರ್ಮಛತ್ರವೇ ಸರಿ. ಆದರೂ ಕೊಟ್ಟ ಹಣ ಕೊಟ್ಟಂತೆಯೇ. ಜೊತೆಗೆ, ಮನೆಯಲ್ಲಿ ಟಿವಿ ಇರಲಿ ಬಿಡಲಿ, ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ನನ್ನವರು ಪಿಎಚ್‌ಡಿ ಮಾಡುತ್ತಿದ್ದರು. ಅಲ್ಲಿ ಪಿಎಚ್‌ಡಿಗೆ ಸಂಬಳವೇನೋ ಬರುತ್ತದೆ, ಆದರೆ ಎಷ್ಟೋ ಕಡೆ ಅದು ಅರೆ ಹುದ್ದೆಯ ಸಂಬಳ. ನನಗೆ ಕೆಲಸವಿರಲಿಲ್ಲ. ಒಬ್ಬರ ಅರ್ಧ ಸಂಬಳದಲ್ಲಿ ಇಬ್ಬರ ಸಂಸಾರ.

ಆ ವರ್ಷದ ಮೇ ತಿಂಗಳಲ್ಲಿ ಇಡೀ ಜರ್ಮನಿಗೆ ಅನ್ವಯಿಸುವ 49 ಯೂರೋ ಮಾಸಿಕ ಟಿಕೆಟ್ ಶುರುವಾಗಿತ್ತು. ಸ್ಥಳೀಯ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲು ಎಲ್ಲಕ್ಕೂ ಒಂದೇ ಟಿಕೆಟ್. ಅಗ್ಗವೇ. ಆದರೆ ಜರ್ಮನ್ ತರಗತಿಗೆ, ತರಕಾರಿಗೆ, ಗ್ರಂಥಾಲಯಕ್ಕೆ ಊರೊಳಗೇ ಓಡಾಡುವ ನನ್ನಂಥವಳಿಗೆ ವರ್ಷಕ್ಕೆ 588 ಯೂರೋ ದೊಡ್ಡ ಮೊತ್ತ. ಫ್ರೈಬುರ್ಗ್ ಸೈಕಲ್ಲಿನ ಊರು. ಡ್ರೈಸಾಮ್ ನದಿಯ ದಂಡೆಯುದ್ದಕ್ಕೂ ಕಾರುಗಳ ಕಾಟವಿಲ್ಲದ ಸೈಕಲ್ ದಾರಿಯಿದೆ. ಸೈಕಲ್ ಕೊಳ್ಳುವುದೆಂದು ಆಯಿತು.

ಹುಡುಕಿದ್ದು ಹಳೆಯ ಮೌಂಟನ್ ಬೈಕನ್ನೇ. ಗುಡ್ಡ ಹತ್ತುವ ಹುಮ್ಮಸ್ಸು ನನಗಿರಲಿಲ್ಲ, ಕಾರಣ ಪೂರ್ತಿ ಮಾರುಕಟ್ಟೆಯದು. ಮೌಂಟನ್ ಬೈಕಿನ ಚಕ್ರ ದಶಕಗಳ ಕಾಲ 26 ಇಂಚಿನದಾಗಿತ್ತು. 2010ರ ದಶಕದ ಮೊದಲ ಭಾಗದಲ್ಲಿ ತಯಾರಕರು 27.5 ಮತ್ತು 29 ಇಂಚಿಗೆ ಹೊರಳಿದರು. ಅಲ್ಲಿಗೆ 26 ಇಂಚಿನ ಒಳ್ಳೊಳ್ಳೆಯ ಸೈಕಲ್ಲುಗಳೂ ಶೋಕಿಯವರಿಗೆ ಬೇಡವಾದವು, ನೆಲಮಾಳಿಗೆ ಸೇರಿದವು. ಟಯರ್, ಟ್ಯೂಬು ಮಾತ್ರ ಇಂದಿಗೂ ಎಲ್ಲ ಕಡೆ ಸಿಗುತ್ತವೆ. ಸಾಮಾನು ಗಟ್ಟಿ, ಬೇಡಿಕೆ ಕಡಿಮೆ: ಹಳೆ ಸಾಮಾನು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸಂಧಿ ಇಲ್ಲ. ಅಲ್ಲದೆ ದಪ್ಪ ಟಯರ್ ಟ್ರಾಮ್ ಹಳಿಯ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ.

ನಾನು ಕೊಂಡದ್ದು ತೊಂಬತ್ತರ ದಶಕದ, ಕ್ರೋಮೋಲಿ ಉಕ್ಕಿನ ಫ್ರೇಮಿನ, ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಸೈಕಲ್. ಹಳೆಯ ಅಗ್ಗದ ಶಾಕ್ ಅಬ್ಸಾರ್ಬರಿಗೆ ಮರುಜನ್ಮವಿಲ್ಲ, ಇರದಿದ್ದರೇ ಕ್ಷೇಮ. ಹೇಳಿದ್ದು 60, ಕೊಟ್ಟದ್ದು 40. ಹಣ ಕೊಡುವ ಮೊದಲು ನೋಡಿದ್ದು ಮೂರೇ. ಫ್ರೇಮಿನ ಬೆಸುಗೆಗಳ ಬಳಿ ಬಿರುಕಿದೆಯೇ, ಸೀಟಿನ ಕಂಬ ಮೇಲೆ ಕೆಳಗೆ ಜಾರುತ್ತದೆಯೇ, ಬ್ರೇಕ್ ಉಜ್ಜಿ ಉಜ್ಜಿ ರಿಮ್ಮಿನ ಪಕ್ಕೆ ಗುಳಿಬಿದ್ದಿದೆಯೇ. ಉಕ್ಕಿನ ಕೊಳವೆಯೊಳಗೆ ಅಲ್ಯುಮಿನಿಯಂ ಕಂಬ ವರ್ಷಗಟ್ಟಲೆ ಅಲ್ಲಾಡದೆ ನಿಂತರೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ಆಮೇಲೆ ಬಿಡಿಸುವ ಖರ್ಚಿಗೆ ಇನ್ನೊಂದು ಸೈಕಲ್ ಬರುತ್ತದೆ. ಈ ಮೂರು ನೆಟ್ಟಗಿದ್ದರೆ ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಗುವ ಮಾಲು.

ಒಂದು ಚೀಟಿಯನ್ನೂ ಬರೆಸಿಕೊಂಡೆ: ಮಾರಿದವರ ಹೆಸರು, ವಿಳಾಸ, ಬೆಲೆ, ಪೆಡಲ್ ಆಕ್ಸಲಿನ ಡಬ್ಬಿಯ ಕೆಳಗೆ ಕೊರೆದಿದ್ದ ಫ್ರೇಮ್ ನಂಬರು. ಜರ್ಮನಿಯಲ್ಲಿ ಕದ್ದ ಮಾಲನ್ನು ಗೊತ್ತಿಲ್ಲದೆ, ಪೂರಾ ಹಣ ಕೊಟ್ಟು ಕೊಂಡರೂ ಅದು ನಮ್ಮದಾಗುವುದಿಲ್ಲ. ಮೂಲ ಮಾಲೀಕ ಬಂದು ಕೇಳಿದರೆ ಬಿಟ್ಟುಕೊಡಬೇಕು.

ಮೊದಲು ವಿಚಾರಿಸಿದ್ದು ಹತ್ತಿರದ ರಿಪೇರಿ ಅಂಗಡಿಯಲ್ಲಿ. ಅಂಗಡಿಯವರು ಸೈಕಲ್ಲನ್ನು ಸುತ್ತ ನೋಡಿ, ಕೂಲಿ ಸೇರಿಸಿದರೆ ಇದರ ಬೆಲೆಯ ಐದಾರು ಪಟ್ಟು ಆಗುತ್ತದೆ, ಬೇಡ ಎಂದರು. ಪ್ರಾಮಾಣಿಕ ಮಾತು. ನಮ್ಮೂರಲ್ಲಿ ಲೆಕ್ಕ ತಿರುಗುಮುರುಗು: ಸಾಮಾನಿಗೆ ಕಾಸು, ಕೈಕೆಲಸಕ್ಕೆ ಚಿಲ್ಲರೆ. ತಿಪಟೂರಿನ ಸೈಕಲ್ ಶಾಪಿನಲ್ಲಿ ಇಡೀ ಸೈಕಲ್ ಬಿಚ್ಚಿ ಓವರಾಯಿಲ್ ಮಾಡಿದವನಿಗೆ ನಾವು ಕೊಡುತ್ತಿದ್ದ ಹಣ ನೆನೆದರೆ ಈಗ ನಾಚಿಕೆಯಾಗುತ್ತದೆ. ಜರ್ಮನಿಯಲ್ಲಿ ಒಳ್ಳೆಯ ಚೈನು 12 ಯೂರೋಗೆ ಸಿಗುತ್ತದೆ, ಅದನ್ನು ಹಾಕುವ ಕೈ ದುಬಾರಿ. ಹಾಗಾಗಿ ಕೈ ನಮ್ಮದೇ ಆಗಬೇಕು.

ಆದರೆ ಬರಿಗೈ ಸಾಲದು. ಕ್ರ್ಯಾಂಕ್ ಎಳೆಯಲು ಒಂದು ಪುಲ್ಲರ್, ಆಕ್ಸಲ್ ಬಿಚ್ಚಲು ಇನ್ನೊಂದು, ಫ್ರೀವೀಲಿಗೆ ಮತ್ತೊಂದು, ಚೈನ್ ಕತ್ತರಿಸಲು ಮಗದೊಂದು. ಬದುಕಿನಲ್ಲಿ ಎರಡು ಸಲ ಬಳಸುವ ಈ ನಾಲ್ಕನ್ನು ಕೊಂಡರೆ ಸೈಕಲ್ಲಿನಷ್ಟೇ ಹಣ ಬೇಕು. ಅಗ್ಗದ ರಿಪೇರಿಗಳು ದುಬಾರಿಯಾಗುವುದು ಇಲ್ಲೇ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜರ್ಮನಿಯ ಅನೇಕ ಊರುಗಳಲ್ಲಿ, ಅದರಲ್ಲೂ ವಿಶ್ವವಿದ್ಯಾಲಯದ ಊರುಗಳಲ್ಲಿ, ನಮ್ಮ ಸೈಕಲ್ ನಾವೇ ರಿಪೇರಿ ಮಾಡಿಕೊಳ್ಳುವ ಸ್ವಸಹಾಯ ವರ್ಕ್‌ಶಾಪುಗಳಿವೆ. ಸ್ಟ್ಯಾಂಡು, ಪಾನಾ, ಗ್ರೀಸು ಅವರದು, ಬೆವರು ನಮ್ಮದು, ಹೊರಡುವಾಗ ಡಬ್ಬಿಗೆ ಕೈಲಾದಷ್ಟು. ಅಲ್ಲಿನ ಸ್ವಯಂಸೇವಕರು ಕೇಳಿದರೆ ತೋರಿಸುತ್ತಾರೆ, ಕೇಳದಿದ್ದರೆ ತಮ್ಮ ಪಾಡಿಗೆ ಕಾಫಿ ಕುಡಿಯುತ್ತಾರೆ.

ಆಕ್ಸಲ್ ಬಿಚ್ಚಿದ ಸಂಜೆ ಚೆನ್ನಾಗಿ ನೆನಪಿದೆ. ಪೆಡಲ್ ತುಳಿದಾಗೆಲ್ಲ ಒಳಗೆ ಕಟ್ ಕಟ್ ಎನ್ನುತ್ತಿತ್ತು. ಚೈನ್ ಇರುವ ಬದಿಯಲ್ಲಿ ಆಕ್ಸಲನ್ನು ಹಿಡಿದಿರುವ ಕಪ್ ಜಪ್ಪಯ್ಯ ಎಂದರೂ ಕದಲದು. ಫೋನನ್ನು ಗ್ರೀಸ್ ಡಬ್ಬಿಗೆ ಒರಗಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. ಅಪ್ಪ ಹರ್ಕ್ಯುಲಸ್ ಸೈಕಲ್ಲನ್ನು ಮೂವತ್ತು ವರ್ಷ ತಾವೇ ಬಿಚ್ಚಿ ಜೋಡಿಸಿಕೊಂಡವರು. “ಅಲ್ಲ ಕಣಮ್ಮ, ಚೈನ್ ಕಡೆ ಕಪ್ಪು ಉಲ್ಟಾ ತ್ರೆಡ್ಡು. ನೀನು ಬಿಚ್ತಾ ಇಲ್ಲ, ಬಿಗಿ ಮಾಡ್ತಾ ಇದ್ದೀಯ,” ಎಂದರು. ಬ್ರಿಟಿಷ್ ಅಳತೆಯ ತ್ರೆಡ್ಡು ಅದು. ತಿಪಟೂರಿನ ಹರ್ಕ್ಯುಲಸ್ಸಿಗೂ ಇದಕ್ಕೂ ಆ ಮಟ್ಟಿಗೆ ಒಂದೇ ಗೋತ್ರ. ಬಲಕ್ಕೆ ತಿರುಗಿಸಿದೆ, ಕಿರ್ರೆಂದು ಬಿಟ್ಟುಕೊಂಡಿತು. ಫ್ರೇಮಿನೊಳಗಿಂದ ಕಂದುಬಣ್ಣದ ನೀರು ನೆಲದ ಮೇಲೆ ಸುರಿಯಿತು, ಹಿಂದೆಯೇ ಸವೆದು ಮೊಟ್ಟೆಯಾಕಾರವಾಗಿದ್ದ ಎರಡು ಬೇರಿಂಗ್ ಗುಂಡುಗಳು ಉದುರಿದವು. “ಅದನ್ನ ಎಸೀಬೇಡ, ನನಗೆ ಸರಿಯಾಗಿ ತೋರಿಸು,” ಎಂದರು ಅಪ್ಪ. ಹೊಸದಾಗಿ ಹಾಕಿದ ಸೀಲ್ ಮಾಡಿದ ಆಕ್ಸಲ್ ಸೆಟ್ಟಿಗೆ 18 ಯೂರೋ.

ಈಗ ಖರ್ಚಿನ ಕ್ರಮ. ತಿಂಗಳಿಗೆ 70 ಯೂರೋ ಮೀರಬಾರದೆಂದು ಗೆರೆ ಹಾಕಿಕೊಂಡಿದ್ದೆ. ಮೊದಲ ತಿಂಗಳು ಸೈಕಲ್ಲು, ಬ್ರೇಕ್ ರಬ್ಬರು, ತಂತಿಗಳು: 62. ಎರಡನೇ ತಿಂಗಳು ಎರಡು ಟಯರು, ಟ್ಯೂಬು, ದೀಪ, ಗಂಟೆ: 69. ದೀಪ, ಗಂಟೆಗಳು ಅಲ್ಲಿ ಅಲಂಕಾರವಲ್ಲ. ಗಂಟೆಯಿಲ್ಲದೆ ಸಿಕ್ಕಿಬಿದ್ದರೆ 15 ಯೂರೋ ದಂಡ, ದೀಪವಿಲ್ಲದಿದ್ದರೆ 20. ಆನ್‌ಲೈನಿನಲ್ಲಿ ಬರುವ ಆರು ಯೂರೋ ದೀಪ ಕೊಂಡರೆ ಸಾಲದು, ಅನುಮೋದನೆಯ ಗುರುತಾಗಿ ಅಲೆಯ ಗೆರೆ, ಕೆ ಅಕ್ಷರ, ನಂಬರು ಅಚ್ಚಾಗಿರಬೇಕು. ಮೂರನೇ ತಿಂಗಳು ಬೀಗ ಮತ್ತು ಆಕ್ಸಲ್: 58. ಅಲ್ಲಿಯವರೆಗೆ ಸೈಕಲ್ಲನ್ನು ಹೊರಗೆ ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ, ನೆಲಮಾಳಿಗೆಯಿಂದ ನದಿದಂಡೆ, ನದಿದಂಡೆಯಿಂದ ನೆಲಮಾಳಿಗೆ. ಬೀಗದ ಬೆಲೆ 40, ಅಂದರೆ ಸೈಕಲ್ಲಿನಷ್ಟೇ. ನನ್ನವರಿಗೆ ಇದು ಬಹಳ ದಿನ ತಮಾಷೆಯ ವಸ್ತುವಾಗಿತ್ತು. ನಾಲ್ಕನೇ ತಿಂಗಳು ಚೈನು 12, ಫ್ರೀವೀಲ್ 16, ಚಕ್ರದ ಬೆಂಡ್ ತೆಗೆಸಿದ್ದಕ್ಕೆ ಅಂಗಡಿಗೆ 15, ವರ್ಕ್‌ಶಾಪಿನ ಡಬ್ಬಿಗೆ 10.

ಚೈನನ್ನು ಕೊನೆಗೆ ತಳ್ಳಿದ್ದಕ್ಕೂ ಲೆಕ್ಕವಿದೆ. ಹೊಸ ಚೈನಿನ ಹನ್ನೆರಡು ಜೋಡಿ ಕೊಂಡಿ ಸರಿಯಾಗಿ 12 ಇಂಚು ಅಳತೆಗೆ ಬರುತ್ತವೆ. ಅದು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಬಂದರೆ ಫ್ರೀವೀಲಿನ ಹಲ್ಲುಗಳನ್ನೂ ಅದು ತಿಂದುಹಾಕಿದೆ ಎಂದರ್ಥ. ನನ್ನದು ಎರಡನೇ ಜಾತಿ. ಹೇಗಿದ್ದರೂ ಎರಡನ್ನೂ ಒಟ್ಟಿಗೇ ಎಸೆಯಬೇಕಾದಾಗ ಇನ್ನೆರಡು ತಿಂಗಳು ತುಳಿದರೆ ನಷ್ಟವೇನೂ ಇಲ್ಲ. ಹಲ್ಲು ಚೆನ್ನಾಗಿದ್ದು ಚೈನ್ ಮಾತ್ರ ಸವೆದಿದ್ದರೆ, ಬೇರೆ ಖರ್ಚು ನಿಲ್ಲಿಸಿಯಾದರೂ 12 ಯೂರೋ ಮೊದಲು ಅಲ್ಲಿ ಹಾಕಬೇಕು.

ಒಟ್ಟು 242 ಯೂರೋ. ಅಮ್ಮ ತೊಂಬತ್ತರಿಂದ ಗುಣಿಸಿ, “ಇಪ್ಪತ್ತೊಂದು ಸಾವಿರ ಚಿಲ್ಲರೆ ಆಯ್ತಲ್ಲೇ! ಇಲ್ಲಾಗಿದ್ರೆ ಹೊಸಾ ಸೈಕಲ್ಲೇ ಬರ್ತಿತ್ತು,” ಎಂದರು. ಗಳಿಕೆ ಯೂರೋದಲ್ಲಿ, ಖರ್ಚು ರೂಪಾಯಿಯಲ್ಲಿ ಎಣಿಸಿದರೆ ಒಂದು ಕಪ್ ಕಾಫಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಅಮ್ಮನ ಗುಣಾಕಾರಕ್ಕಿಂತ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದೇ ಊರಿನಲ್ಲಿ ಸರ್ವಿಸ್ ಮಾಡಿಟ್ಟ ಸೆಕೆಂಡ್‌ಹ್ಯಾಂಡ್ ಸೈಕಲ್ಲೊಂದು 280ಕ್ಕೆ ಸಿಗುತ್ತಿತ್ತು. ಅಂಗಡಿಯಿಂದ ಕೊಂಡ ಹಳೆ ಮಾಲಿಗೂ ಅಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಹೊಣೆ ಅಂಗಡಿಯದೇ. ಖಾಸಗಿಯಾಗಿ ಮಾರುವವರು ಆ ಹೊಣೆಯಿಂದ ಚೀಟಿಯಲ್ಲೇ ಕೈತೊಳೆದುಕೊಳ್ಳಬಹುದು. ಅಂದರೆ ಇಷ್ಟೆಲ್ಲ ಕೈ ಕರ್ರಗೆ ಮಾಡಿಕೊಂಡು ಉಳಿಸಿದ್ದು 38 ಯೂರೋ. ನನ್ನ ಸಂಜೆಗಳಿಗೆ ಕೂಲಿ ಕಟ್ಟಿದರೆ ಚೊಕ್ಕ ನಷ್ಟ.

ಆದರೂ ನನ್ನ ತೀರ್ಮಾನ ಬದಲಾಗಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ಒಟ್ಟಿಗೆ ಕೊಡಲು 280 ಇರಲಿಲ್ಲ, ತಿಂಗಳಿಗೆ 70 ಇತ್ತು. ಕ್ರೆಡಿಟ್ ಕಾರ್ಡಿಲ್ಲದೆ, ಬಡ್ಡಿಯಿಲ್ಲದೆ, ಯಾರ ಮುಂದೆಯೂ ಕೈಚಾಚದೆ ಸೈಕಲ್ಲನ್ನು ಕಂತಿನಲ್ಲಿ ಕೊಂಡಂತಾಯಿತು, ಕಂತಿನ ಮೊತ್ತ ನಿಗದಿ ಮಾಡಿದವಳೂ ನಾನೇ. ಯಾವ ತಿಂಗಳು ಬೇಕಾದರೂ ನಿಲ್ಲಿಸಬಹುದಿತ್ತು. ಹೆಂಚು ತೆಗೆದ ಮನೆಯನ್ನು ಮಳೆಗಾಲಕ್ಕೆ ಮೊದಲು ಕೋಣೆ ಕೋಣೆಯಾಗಿ ಹೊದಿಸಿಕೊಂಡು ಬರುವ ಹಾಗೆ ಇದು, ಎಲ್ಲಿ ಮೊದಲು ಸೋರುತ್ತದೆ ಎಂಬುದಷ್ಟೇ ಗೊತ್ತಿರಬೇಕು. ಬಿಡುವಿಲ್ಲದ ಕೆಲಸ, ಕೈತುಂಬ ಸಂಬಳ ಇರುವವರು ಆ 280ರ ಸೈಕಲ್ಲನ್ನೇ ಕೊಳ್ಳುವುದು ಜಾಣತನ. ನನಗೆ ಆಗ ಹೇರಳವಾಗಿದ್ದದ್ದು ಬಿಡುವೊಂದೇ.

ಉಳಿತಾಯ ನಿಜವಾಗಿ ಕಂಡದ್ದು ಟಿಕೆಟ್ಟಿನಲ್ಲಿ. 49 ಯೂರೋ ಟಿಕೆಟ್ಟನ್ನು ತಿಂಗಳ ಹತ್ತನೇ ತಾರೀಕಿನೊಳಗೆ ರದ್ದು ಮಾಡಿದರೆ ಮುಂದಿನ ತಿಂಗಳಿಂದ ಕಟ್ಟಬೇಕಿರಲಿಲ್ಲ. ಡಿಸೆಂಬರಿನಿಂದ ಫೆಬ್ರುವರಿವರೆಗೆ, ರಸ್ತೆಗೆ ಉಪ್ಪು ಚೆಲ್ಲುವ ಕಾಲದಲ್ಲಿ, ಟಿಕೆಟ್ ಕೊಂಡು ಟ್ರಾಮ್ ಹತ್ತುತ್ತಿದ್ದೆ. ಉಪ್ಪುನೀರು ಚೈನನ್ನು ತಿನ್ನುವುದೂ ತಪ್ಪುತ್ತಿತ್ತು. ಮಿಕ್ಕ ಒಂಬತ್ತು ತಿಂಗಳ ಟಿಕೆಟ್ ಹಣ ವರ್ಷಕ್ಕೆ 441 ಯೂರೋ ಮನೆಯಲ್ಲೇ ಉಳಿಯಿತು. ಆಮೇಲೆ ಟಿಕೆಟ್ ದರ 58 ಆಯಿತು, 2026ರ ಜನವರಿಯಿಂದ 63. ಸೈಕಲ್ಲಿನ ಲಾಭ ನಾನು ಏನೂ ಮಾಡದೆ ತಾನಾಗಿ ಏರಿತು.

ಊರಿಗೆ ಹೊರಡುವಾಗ ಸೈಕಲ್ ಮಾರಿದೆ. ಕೊಂಡವಳು ಆಗಷ್ಟೇ ಬಂದಿಳಿದಿದ್ದ ವಿದ್ಯಾರ್ಥಿನಿ. ಬಿಡಿಭಾಗಗಳ ರಸೀದಿಗಳನ್ನೂ ಫ್ರೇಮ್ ನಂಬರಿನ ಹಳೆಯ ಚೀಟಿಯನ್ನೂ ಮುಂದಿಟ್ಟಿದ್ದರಿಂದ ಚೌಕಾಸಿ ಹೆಚ್ಚು ಬೆಳೆಯಲಿಲ್ಲ, 120ಕ್ಕೆ ಮುಗಿಯಿತು. ಬೀಗ ಇದರಲ್ಲೇ ಸೇರಿದೆಯಲ್ಲವೇ ಎಂದು ಕೇಳಿದಳು. ಇಲ್ಲ, ಅದಕ್ಕೆ ಬೇರೆ 15 ಎಂದೆ. ಕೊಟ್ಟಳು.